ಒಣಗಿದ ಕಡೆಗೆ ನೀರು

ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಾಗಲೇ ಆದಿಲಕ್ಷ್ಮಿಗೆ ಇವತ್ತಿನ ಭಾಷಣವೂ ಚೆನ್ನಾಗಿಯೇ ಆಗುತ್ತದೆ ಎಂಬ ಧೈರ್ಯ ಬಂದುಬಿಟ್ಟಿತ್ತು. ಧೈರ್ಯಕ್ಕೆ ಅವಳಲ್ಲಿ ಯಾವತ್ತೂ ಬರವಿರಲಿಲ್ಲ. ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಮೊದಲ ತಿಂಗಳಲ್ಲೇ, ಇಡೀ ತರಗತಿ ಹಾವು ಮುಟ್ಟಲು ಹಿಂದೆ ಮುಂದೆ ನೋಡುತ್ತಿದ್ದಾಗ, ಅದನ್ನು ಮುಂಗೈಗೆ ಸುತ್ತಿಕೊಂಡು ಮೇಷ್ಟರಿಗೇ ಗಾಬರಿ ಹುಟ್ಟಿಸಿದ ಹುಡುಗಿ ಅವಳು. ಈಗ ತೊಡೆಯ ಮೇಲೆ ಕೋಲಿಗೆ ಸುತ್ತಿದ ದಪ್ಪನೆಯ ಬಟ್ಟೆಯ ಸುರುಳಿ ಇತ್ತು. ಅದರ ಒಂದು ತುದಿ ಕಿಟಕಿಯ ಸರಳಿಗೆ ತಾಗುತ್ತಿತ್ತು, ಇನ್ನೊಂದು ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಪಕ್ಕೆಗೆ. ಕಂಡಕ್ಟರು ಬಂದವನೇ ಅದನ್ನು ಟಿಕೆಟ್ ಮೆಷಿನ್ನಿನ ಮೂಲೆಯಿಂದ ತಟ್ಟಿ, "ಏನಮ್ಮಾ ಇದು, ಜಮಖಾನಾನಾ, ಚಾಪೆನಾ?" ಅಂದ. "ಡಾಲ್ಫಿನ್," ಎಂದಳು. "ಅಂಟೇ? ಅಂದ್ರೆ?" "ಸಮುದ್ರದ ಪ್ರಾಣಿ. ಕಲ್ಯಾಣದುರ್ಗದ ಹುಡುಗೀರಿಗೆ ತೋರ್ಸಕ್ಕೆ ಹೋಯ್ತಾ ಇದೀನಿ." "ಕಲ್ಯಾಣದುರ್ಗದಾಗೆ ಸಮುದ್ರ ಯಾವಾಗ ಬಂತಮ್ಮಾ, ನಂಗೆ ಹೇಳ್ಲೇ ಇಲ್ವಲ್ಲ ಯಾರೂ!" ಮುಂದಿನ ನಾಲ್ಕು ಸಾಲು ಘೊಳ್ಳೆಂದು ನಕ್ಕಿತು. ಆದಿಲಕ್ಷ್ಮಿಯೂ ನಕ್ಕಳು, ನಗುತ್ತಲೇ ಸುರುಳಿಯನ್ನು ಒಂದು ಮೊಳ ಬಿಚ್ಚಿ ಉದ್ದ ಮೂತಿಯನ್ನೂ ಒಂದು ಕಣ್ಣನ್ನೂ ತೋರಿಸಿದಳು. ಕಂಡಕ್ಟರು ಬಗ್ಗಿ ನೋಡಿ, "ಅಬ್ಬಾ, ನಗ್ತಾ ಐತಲ್ಲ ಇದು," ಎಂದು ಲಗೇಜಿನ ಮಾತೆತ್ತದೆ ಮುಂದಕ್ಕೆ ಹೋದ.

ನಗುವ ಹಾಗೆ ಕಾಣುವುದು ಅದರ ಬಾಯಿಯ ಆಕಾರವಷ್ಟೇ, ಸಾಯುವಾಗಲೂ ಹಾಗೇ ಇರುತ್ತದೆ. ಅದನ್ನು ಅವಳು ಕಂಡಕ್ಟರಿಗೆ ಹೇಳಲಿಲ್ಲ. ಬೇಸಿಗೆಯಲ್ಲಿ ಆರು ವಾರ ಕಡಲ ದಂಡೆಯ ಸಂಶೋಧನಾ ಕೇಂದ್ರವೊಂದರಲ್ಲಿ, ದಡಕ್ಕೆ ಬಂದು ಬೀಳುವ ಡಾಲ್ಫಿನ್, ತಿಮಿಂಗಿಲಗಳನ್ನು ಉಳಿಸುವ ತರಬೇತಿಗೆ ಹೋಗಿದ್ದಳು. ಹನ್ನೊಂದು ಜನರಲ್ಲಿ ಹತ್ತು ಮಂದಿ ಕರಾವಳಿ ಜಿಲ್ಲೆಗಳವರು. ಮೊದಲ ದಿನವೇ ಒಬ್ಬ, "ಅನಂತಪುರಂ ಜಿಲ್ಲೆಯಾ? ಅಲ್ಲಿ ಕಡಲಿಲ್ಲ, ಬರೀ ಕಡಲೆಕಾಯಿ ಕಣ್ರೋ," ಎಂದಿದ್ದ. ಅಲ್ಲಿಂದ ಆರು ವಾರವೂ ಅವಳ ಹೆಸರು ಕಡಲೆಕಾಯಿ ಎಂದೇ ಆಯಿತು. ಊಟದ ಸಾಲಿನಲ್ಲಿ ಕಡಲೆಕಾಯಿ, ದೋಣಿಯಲ್ಲಿ ವಾಂತಿ ಮಾಡಿಕೊಂಡಾಗ ಕಡಲೆಕಾಯಿ. ಅವಳು ಅಳಲಿಲ್ಲ. ಎರಡನೆಯ ವಾರಕ್ಕೆ ದೋಣಿಯಲ್ಲಿ ನಿಂತು ಬ್ಯಾಲೆನ್ಸ್ ಮಾಡುವುದು ಕಲಿತಳು, ಮೂರನೆಯ ವಾರಕ್ಕೆ ಪಾಠವೆಲ್ಲ ಬಾಯಿಪಾಠ. ನಾಲ್ಕನೆಯ ವಾರದಲ್ಲಿ ಕೇಂದ್ರದ ಡಾಕ್ಟರ್ ಚೆನ್ನಕೇಶವ ಸಾರ್ ಬೆಸ್ತರ ಊರಿನ ಹೆಂಗಸರಿಗೆ ಹೇಳಿಕೊಡುವ ಕೆಲಸವನ್ನು ಅವಳೊಬ್ಬಳಿಗೇ ಒಪ್ಪಿಸಿದರು. ಮರಳಿನ ಮೇಲೆ ಕಡ್ಡಿಯಿಂದ ಡಾಲ್ಫಿನ್ ಬರೆದು ಅವಳು ಹೇಳುತ್ತಿದ್ದಳು: ಇದು ಮೀನಲ್ಲಮ್ಮಾ, ನಮ್ಮ ಹಾಗೆ ಉಸಿರಾಡುತ್ತೆ, ಮರಿಗೆ ಹಾಲು ಕುಡಿಸುತ್ತೆ. ಮೈ ಒಣಗಬಾರದು, ಒದ್ದೆ ಬಟ್ಟೆ ಹೊದಿಸಿ, ನೀರು ಹಾಕುತ್ತಾ ಇರಿ. ಆದರೆ ನೆತ್ತಿಯ ಮೇಲೆ ಒಂದು ತೂತು ಇದೆ ನೋಡಿ, ಅದೇ ಇದರ ಮೂಗು. ಅಲ್ಲಿಗೆ ಮಾತ್ರ ಒಂದು ಹನಿ ನೀರೂ ಹೋಗಬಾರದು. ಹೆಂಗಸರಲ್ಲಿ ಪೋಲಮ್ಮ ಎಂಬವಳು ಎಲ್ಲರಿಗಿಂತ ಮೊದಲು ಸ್ವಯಂಸೇವಕರ ಪಟ್ಟಿಗೆ ಹೆಸರು ಕೊಟ್ಟಳು. ಐವತ್ತು ದಾಟಿದ, ಮೂಗಿನ ಎರಡೂ ಕಡೆ ಮೂಗುತಿ ಇಟ್ಟುಕೊಂಡ ಹೆಂಗಸು. ಸ್ವಯಂಸೇವಕಿ ಎಂದು ಕೊಟ್ಟ ಹಸಿರು ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡೇ ಸಂತೆಗೆ ಹೋಗುತ್ತಿದ್ದಳಂತೆ.

ಬಸ್ಸು ಊರು ದಾಟಿತು. ಜುಲೈ ತಿಂಗಳು, ಹೊಲಗಳಲ್ಲಿ ಕಡಲೆಕಾಯಿ ಬಿತ್ತನೆ ಮುಗಿದಿತ್ತು. ಆದಿಲಕ್ಷ್ಮಿ ಕೈಚೀಲ ತೆರೆದು, ಅದರಲ್ಲಿ ಎರಡು ಕಾಗದಗಳೂ ಇವೆಯೋ ಇಲ್ಲವೋ ಎಂದು ಮೂರನೆಯ ಸಲ ನೋಡಿಕೊಂಡಳು. ಒಂದು ಚೆನ್ನಕೇಶವ ಸಾರ್ ಬರೆದದ್ದು. ನಿಮ್ಮ ವರದಿ ಅಚ್ಚುಕಟ್ಟಾಗಿದೆ, ಆಗಸ್ಟಿನಿಂದ ನಿಮ್ಮನ್ನು ಕ್ಷೇತ್ರ ಸಹಾಯಕಿಯಾಗಿ ತೆಗೆದುಕೊಳ್ಳುವ ಆದೇಶ ತಯಾರಾಗುತ್ತಿದೆ. ವರದಿಯ ಆಧಾರದ ಮೇಲೆ ಪೋಲಮ್ಮನನ್ನು ಪಟ್ಟಿಯಿಂದ ಕೈಬಿಟ್ಟಿದ್ದೇವೆ. ಬೆಸ್ತರ ಊರುಗಳಿಗೆ ಹಂಚುವ ಕೈಪಿಡಿಯಲ್ಲಿ ಡಾಲ್ಫಿನ್ ಸತ್ತ ಈ ಘಟನೆಯನ್ನು ಹೆಸರು ಸಮೇತ ಎಚ್ಚರಿಕೆಯ ಪಾಠವಾಗಿ ಸೇರಿಸುತ್ತಿದ್ದೇವೆ. ತಿದ್ದುವುದೇನಾದರೂ ಇದ್ದರೆ ಈ ವಾರದೊಳಗೆ ತಿಳಿಸಿ. ಇನ್ನೊಂದು ಅವಳೇ ಬರೆದ ಇನ್‌ಲ್ಯಾಂಡ್ ಕಾಗದ, ತಿದ್ದುವುದೇನೂ ಇಲ್ಲ ಎಂದು. ನಿನ್ನೆಯೇ ಬರೆದದ್ದು. ಅಂಟಿಸಿರಲಿಲ್ಲ. ಬೆಳಿಗ್ಗೆ ಮನೆಯಿಂದ ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಎರಡು ಅಂಚೆ ಡಬ್ಬಗಳು ಸಿಕ್ಕಿದವು. ಎರಡನ್ನೂ ಅವಳು, ಯಾರೋ ಬೇಡದ ನೆಂಟರನ್ನು ಕಂಡ ಹಾಗೆ, ರಸ್ತೆಯ ಆಚೆ ಬದಿಗೆ ಹೋಗಿ ದಾಟಿ ಬಂದಳು. ಕಲ್ಯಾಣದುರ್ಗದಲ್ಲಿ ಹಾಕಿದರಾಯಿತು, ಅಲ್ಲಿಂದಲೂ ಟಪ್ಪಾಲು ಹೋಗುತ್ತದೆ, ಇದರಲ್ಲೇನು ಎಂದು ಈಗ ತನಗೆ ತಾನೇ ಹೇಳಿಕೊಂಡಳು. ತರಬೇತಿಯ ಸರ್ಟಿಫಿಕೇಟು ಬರಬೇಕಾದರೆ ಸ್ವಂತ ಜಿಲ್ಲೆಯಲ್ಲಿ ಮೂರು ಕಡೆ ಭಾಷಣ ಮಾಡಿ ಹೆಡ್‌ಮಾಸ್ಟರುಗಳ ಸಹಿ ಕಳಿಸಬೇಕಿತ್ತು. ಮೊದಲನೆಯದು ಹೋದ ವಾರ ಹಿಂದೂಪುರದಲ್ಲಿ ಆಯಿತು. ಪೋಲಮ್ಮನ ಕಥೆಗೆ ಜನ ಬಿದ್ದು ಬಿದ್ದು ನಕ್ಕಿದ್ದರು. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೇ ಗೊತ್ತಿಲ್ಲ, ನಮ್ಮ ಹಿಂದೂಪುರದ ಹುಡುಗಿ ಹೋಗಿ ಹೇಳಿಕೊಡಬೇಕಾಯಿತು ನೋಡಿ ಎಂದು ಅಧ್ಯಕ್ಷತೆ ವಹಿಸಿದವರು ಮೇಜು ಕುಟ್ಟಿದ್ದರು. ಆ ಚಪ್ಪಾಳೆ ಅವಳಿಗೆ ಹಿತವಾಗಿತ್ತು. ಹಿತವಾಯಿತಲ್ಲ ಎಂದು ಮನೆಗೆ ಬಂದ ಮೇಲೆ ಅನ್ನ ಸೇರಿರಲಿಲ್ಲ.

ರೊದ್ದಂ ಬಂತು. ಬಸ್ಸು ನಿಂತಿತು, ಇಳಿದರು, ಹತ್ತಿದರು. ನಿಂತ ಬಸ್ಸಿನ ಒಳಗೆ ಸೆಖೆ ಏರಿತು. ಕಡಲ ದಂಡೆಯಲ್ಲಿ ಆವತ್ತೂ ಇಂಥದೇ ಸೆಖೆ. ಬೆಳಗಿನ ಇಳಿತದಲ್ಲಿ ಮರಳ ಮೇಲೆ ಉಳಿದುಹೋಗಿದ್ದ ಡಾಲ್ಫಿನ್, ಏಳಡಿ ಉದ್ದ, ಇನ್ನೂ ಜೀವವಿತ್ತು. ಉಳಿದ ಹತ್ತು ಮಂದಿ ಆ ದಿನ ಬೇರೆ ಊರಿಗೆ ಹೋಗಿದ್ದರು. ಚೆನ್ನಕೇಶವ ಸಾರ್, "ಒಂದು ಗಂಟೆಯೊಳಗೆ ಟಾರ್ಪಾಲು, ಆಳು ಕರ್ಕೊಂಡು ಬರ್ತೀನಿ, ನೀವಿದ್ದೀರಲ್ಲ, ನನಗೆ ಚಿಂತೆಯಿಲ್ಲ," ಎಂದು ಜೀಪು ಹತ್ತಿದರು. ಆ ಮಾತಿಗೆ ಅವಳ ಎದೆ ಉಬ್ಬಿತು. ಅಪ್ಪ ನೇಯ್ದ ತನ್ನ ಟವೆಲನ್ನೂ ಹಾಸಿಗೆಯ ಮೇಲು ಹೊದಿಕೆಯನ್ನೂ ನೆನೆಸಿ ಅದರ ಬೆನ್ನಿಗೆ ಹೊದಿಸಿದಳು, ಬಕೆಟ್ಟಿನಲ್ಲಿ ಕಡಲ ನೀರು ತಂದಳು, ಚೊಂಬಿನಲ್ಲಿ ಮೊಗೆದು ಮೊಗೆದು ಹಾಕಿದಳು. ಪೋಲಮ್ಮ ಇನ್ನೊಂದು ಚೊಂಬು ಹಿಡಿದು ಬಂದಳು, ಕುಡಿಯುವ ನೀರು, ಅದರಲ್ಲಿ ಎರಡು ತುಳಸಿ ಎಲೆ. ತೋಳಿಗೆ ಹಸಿರು ಪಟ್ಟಿ. ಹತ್ತು ಹೆಜ್ಜೆ ದೂರದಲ್ಲಿ ನಿಂತು, "ಅಮ್ಮಾ, ದಗ್ಗರಕಿ ರಾನಾ?" ಎಂದು ಕೇಳಿದಳು, ಹತ್ತಿರ ಬರಲೇ ಎಂದು. "ಬೇಡ, ಸಾರ್ ಬರೋ ತನಕ ಯಾರೂ ಹತ್ತಿರ ಬರಬಾರದು," ಎಂದಳು ಆದಿಲಕ್ಷ್ಮಿ, ಸ್ವಲ್ಪ ಗಟ್ಟಿಯಾಗಿಯೇ. ಪೋಲಮ್ಮ ಚೊಂಬನ್ನು ಅಲ್ಲೇ ಮರಳಲ್ಲಿ ಊರಿ, ಕೈ ಮುಗಿದು ಹಿಂದಕ್ಕೆ ಸರಿದಳು. ಬಿಸಿಲು ಏರುತ್ತಿತ್ತು. ಅಪ್ಪನ ಮಗ್ಗದ ಮುಂದೆ ಆರು ವರ್ಷದವಳಿದ್ದಾಗಿನಿಂದ ಅವಳ ಕೆಲಸ ಒಂದೇ: ಬೇಸಿಗೆಯಲ್ಲಿ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆಗಳು ಒಣಗಿದರೆ ಪಟಪಟ ಕಡಿದುಹೋಗುತ್ತವೆ, ಎಲ್ಲಿ ಒಣಗಿತೋ ಅಲ್ಲಿಗೆ ನೀರು ಚಿಮುಕಿಸುವುದು. ಕಣ್ಣು ನೋಡುತ್ತದೆ, ಕೈ ಹೋಗುತ್ತದೆ, ನಡುವೆ ಯೋಚನೆಗೆ ಜಾಗವಿಲ್ಲ. ನೋಡಿದರೆ ಡಾಲ್ಫಿನ್ನಿನ ನೆತ್ತಿ, ಆ ತೂತಿನ ಸುತ್ತಲಿನ ಚರ್ಮ, ಬೂದಿ ಬಳಿದ ಹಾಗೆ ಒಣಗಿ ಸುಕ್ಕಾಗಿತ್ತು. ಕೈ ಹೋಯಿತು. ಅದೇ ಕ್ಷಣಕ್ಕೆ ಮೂಗು ತೆರೆಯಿತು. ಅರ್ಧ ಚೊಂಬು ನೀರು ಒಳಗೆ ಹೋಯಿತು.

ಅದು ಕೆಮ್ಮಿತು. ಡಾಲ್ಫಿನ್ ಕೆಮ್ಮುತ್ತದೆ ಎಂದು ಯಾವ ಪುಸ್ತಕದಲ್ಲೂ ಅವಳು ಓದಿರಲಿಲ್ಲ. ಬಾಲ ಎರಡು ಸಲ ಮರಳಿಗೆ ಬಡಿಯಿತು. ಜೀಪು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಂಜೆ ಕೊಯ್ದು ನೋಡಿದ ಚೆನ್ನಕೇಶವ ಸಾರ್, "ಶ್ವಾಸಕೋಶಕ್ಕೆ ನೀರು ಹೋಗಿದೆ. ಯಾರು ಸುರಿದರು?" ಎಂದು ಸುತ್ತ ನೋಡಿದರು. ಮರಳಲ್ಲಿ ಊರಿದ್ದ ಚೊಂಬು, ಅದರ ತುಳಸಿ ಅವರ ಕಣ್ಣಿಗೆ ಬಿತ್ತು. "ಪೋಲಮ್ಮನಾ? ಸಾಯುವವರಿಗೆ ಬಿಡುವ ನೀರಾ?" ಆದಿಲಕ್ಷ್ಮಿಯ ತಲೆ ಒಂದು ಸಲ ಮೇಲಿಂದ ಕೆಳಕ್ಕೆ ಹೋಯಿತು. ಅಷ್ಟೇ ಆದದ್ದು. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ, ಕಾಮಾ ಫುಲ್‌ಸ್ಟಾಪುಗಳ ಸಮೇತ, ನಾಲ್ಕು ಪುಟ ಬರೆದಳು. ಅದು ಹೇಗೂ ಬದುಕುತ್ತಿರಲಿಲ್ಲ, ದಡಕ್ಕೆ ಬಿದ್ದದ್ದರಲ್ಲಿ ಬದುಕುವುದೇ ಅಪರೂಪ ಎಂದು ಎರಡು ತಿಂಗಳಿಂದ ಹೇಳಿಕೊಂಡೂ ಹೇಳಿಕೊಂಡೂ ಆ ವಾಕ್ಯ ಸವೆದುಹೋಗಿತ್ತು. ತಲೆ ಆಡಿಸಿದ್ದಕ್ಕೆ ಕಾರಣ, ತಾನು ಕೊನೆಗೂ ಬರೀ ಕಡಲೆಕಾಯಿಯೇ ಎಂದು ಆ ಹತ್ತು ಮಂದಿಯ ಬಾಯಿಂದ ಕೇಳಬೇಕಾಗುತ್ತದಲ್ಲ ಎಂಬ ಭಯ, ಬೇರೇನೂ ಅಲ್ಲ. ಇಂಥ ಸಣ್ಣ ಭಯಕ್ಕೆ ಇಷ್ಟು ದೊಡ್ಡ ಹೆಂಗಸನ್ನು ಬಲಿ ಕೊಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ಬೆಳಗಾದರೆ ತಲೆ ಬಾಚಿ, ಧೈರ್ಯವಾಗಿ ಎದ್ದು ಓಡಾಡುತ್ತಿದ್ದಳು.

ತೊಡೆಯ ಮೇಲಿನ ಬಟ್ಟೆಯನ್ನು ನೇಯ್ದವನು ಅಪ್ಪ ಸೀತಾರಾಮಪ್ಪ. ಭಾಷಣಕ್ಕೆ ಏಳಡಿ ಚಿತ್ರ ಬೇಕು ಎಂದಾಗ, ಅರ್ಧಕ್ಕೆ ನಿಂತಿದ್ದ ಸೀರೆಯನ್ನು ಮುಗಿಸಿ, ಬೂದು ಬಣ್ಣದ ಹತ್ತಿ ನೂಲು ಮಗ್ಗಕ್ಕೆ ಏರಿಸಿದ. "ಇದ್ರ ಮೂಗು ಎಲ್ಲಿ ಬತ್ತೈತೆ ಹೇಳಮ್ಮಾ, ಕರೀ ನೂಲಲ್ಲೇ ತೆಗ್ದುಬುಡ್ತೀನಿ. ಬಣ್ಣ ಹಚ್ಚಿದ್ರೆ ಒಗ್ದಾಗ ಹೊಂಟೋಯ್ತದೆ," ಎಂದ. ಅವಳು ಬೆರಳಿಟ್ಟು ತೋರಿಸಿದಳು. ಅಲ್ಲಿ ಅಪ್ಪ ಒಂದೊಂದೇ ಎಳೆ ಎತ್ತಿ ಅರ್ಧಚಂದ್ರದ ಆಕಾರ ತೆಗೆದ. ಲಾಳಿ ಹಿಡಿದುಕೊಂಡೇ ಕೇಳಿದ್ದ: "ಅಲ್ಲಮ್ಮಾ, ನೀನು ಪಕ್ಕದಾಗೇ ಇದ್ದೆಯಲ್ಲ, ಆ ಹೆಂಗ್ಸು ಮೂಗಿಗೆ ನೀರು ಹುಯ್ಯೋವರ್ಗೂ ಏನು ಮಾಡ್ತಿದ್ದೆ?" "ನಾನು ಬಕೆಟ್ ತರಕ್ಕೆ ಹೋಗಿದ್ದೆ," ಎಂದಳು. ಅಪ್ಪ ಹೂಂ ಅಂದ. ಅವನಿಗೆ ಹೇಳಿದ ಮೊದಲ ಸುಳ್ಳು ಅದಲ್ಲ, ಆದರೆ ಅವನು ತನಗೋಸ್ಕರ ಕೆಲಸ ಮಾಡುತ್ತಿರುವಾಗ ಹೇಳಿದ್ದು ಅದೇ ಮೊದಲು.

ಕಲ್ಯಾಣದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕರೆಂಟು ಹೋಗಿತ್ತು. ಹೆಡ್‌ಮಾಸ್ಟರು ಅಶ್ವತ್ಥಪ್ಪ ಗೇಟಿನವರೆಗೂ ಬಂದು, "ಬನ್ನಿ ಮೇಡಂ ಬನ್ನಿ, ಫ್ಯಾನ್ ತಿರ್ಗಲ್ಲ, ಮೈಕ್ ಮಾತಾಡಲ್ಲ, ನೀವೇ ಮಾತಾಡ್ಬೇಕು," ಎಂದು ನಕ್ಕರು. ನೂರಿಪ್ಪತ್ತು ಹುಡುಗಿಯರು ಉದ್ದ ಹಜಾರದ ನೆಲದಲ್ಲಿ ಕೂತಿದ್ದರು. ನಡುವೆ ಜಾಗ ಬಿಡಿಸಿ ಬಟ್ಟೆ ಹಾಸಿದಾಗ ಎಲ್ಲರೂ ಮಂಡಿಯ ಮೇಲೆ ಎದ್ದು ಓ ಎಂದರು. ಆದಿಲಕ್ಷ್ಮಿಯ ಗಂಟಲಿಗೆ ಮೈಕು ಬೇಕಿರಲಿಲ್ಲ. ತೆಲುಗಿನಲ್ಲಿ ಶುರು ಮಾಡಿದಳು, ಕನ್ನಡಕ್ಕೆ ಬಂದಳು, ಮತ್ತೆ ತೆಲುಗಿಗೆ ಹೋದಳು. ಬಾಗಿಲ ಬಳಿ ಹೊಸ್ತಿಲ ಮೇಲೆ ಶಾಲೆಯ ಆಯಾ ಪಾಪಕ್ಕ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಳು. ಒದ್ದೆ ಬಟ್ಟೆ ಹೊದಿಸಿ ತೋರಿಸಲು ಅವಳಿಂದಲೇ ಒಂದು ಬಕೆಟ್ ನೀರು, ಒಂದು ಚೊಂಬು ತರಿಸಿದ್ದಾಯಿತು. "ಹಾಲು ಕುಡ್ಸೋ ಮೀನಾ?" ಎಂದು ಪಾಪಕ್ಕ ಅಲ್ಲಿಂದಲೇ ಕೇಳಿದಳು. "ಮೀನಲ್ಲ ಪಾಪಕ್ಕಾ, ಹಸು ಎಮ್ಮೆ ಇದ್ದಂಗೆ." "ಹಂಗಾರೆ ಹಾಲು ಕರೀಬೋದು ಬುಡು." ಹುಡುಗಿಯರು ನಕ್ಕರು. ಆದಿಲಕ್ಷ್ಮಿಗೂ ಹುರುಪು ಬಂತು. ಎಲ್ಲವೂ ತಾನು ಎಣಿಸಿದ ಹಾಗೇ ನಡೆಯುತ್ತಿದೆ ಎನ್ನಿಸಿತು. ಟವೆಲು ನೆನೆಸಿ ಹೊದಿಸಿದಳು, ಮೂಗು ತೋರಿಸಿದಳು, ಕರಿಯ ನೂಲಿನ ಆ ಅರ್ಧಚಂದ್ರದ ಮೇಲೆ ಬೆರಳಿಟ್ಟು ಹಿಂದೂಪುರದಲ್ಲಿ ಹೇಳಿದ ಕಥೆಯನ್ನೇ ಹೇಳಿದಳು. ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ದನಿಯಲ್ಲಿ, "ಸಮುದ್ರದ ಪಕ್ಕದಲ್ಲೇ ಹುಟ್ಟಿದ ಹೆಂಗ್ಸು, ಸೀದಾ ಮೂಗಿಗೇ ನೀರು ಸುರಿದ್ಬುಟ್ಲು!" ಎಂದಳು. ನಗು ಬರಬೇಕಾದ ಕಡೆಯೇ ಬಂತು. ಅಶ್ವತ್ಥಪ್ಪನವರೂ ನಕ್ಕರು.

"ಅವ್ಳ್ಯಾಕೆ ಹುಯ್ದಳವ್ವಾ?" ಎಂದಳು ಪಾಪಕ್ಕ. ಅವಳು ನಕ್ಕಿರಲಿಲ್ಲ. ಹುಡುಗಿಯರು ಹಿಂದಕ್ಕೆ ತಿರುಗಿದರು.

"ಸಾಯೋರಿಗೆ ನೀರು ಬಿಡ್ತಾರಲ್ಲ ಪಾಪಕ್ಕಾ, ತುಳಸಿ ನೀರು. ಹಂಗೆ ಬಿಟ್ಲು. ಮೂಢನಂಬಿಕೆ."

ಪಾಪಕ್ಕ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. "ಹಂಗಾರೆ ಬಾಯಿಗೆ ಬುಡ್ಬೇಕಿತ್ತು. ನಾನು ನಮ್ಮತ್ತೆಗೆ ಬುಟ್ಟಿದೀನಿ, ನಮ್ಮ ಯಜಮಾನ್ರಿಗೆ ಬುಟ್ಟಿದೀನಿ, ಒಂದು ಎತ್ತಿಗೂ ಬುಟ್ಟಿದೀನಿ. ತುಳಸಿ ನೀರು ಹಿಡ್ಕಂಡು ಬಂದೋಳು ಬಾಯಿ ಹುಡುಕ್ತಾಳೆ ಕಣವ್ವಾ. ಅದ್ರ ಬಾಯಿ ಮುಂದ್ಗಡೆ ಇಷ್ಟುದ್ದ ಐತೆ, ನೆತ್ತಿ ಮ್ಯಾಲೆ ಯಾರು ಹುಯ್ತಾರೆ? ಹುಯ್ದೋಳು ಬ್ಯಾರೆ ಯಾರೋ ಇರ್ಬೇಕು ನೋಡು."

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಕಾಳಿನಲ್ಲಿ ಕಲ್ಲು ಕಂಡರೆ ಎತ್ತಿ ಪಕ್ಕಕ್ಕಿಡುವ ಹಾಗೆ ಇಟ್ಟಿದ್ದಳು, ಮತ್ತೆ ಸೆರಗು ಬೀಸಿಕೊಳ್ಳತೊಡಗಿದಳು. ಡಾಕ್ಟರೇಟು ಮಾಡಿದ ಚೆನ್ನಕೇಶವ ಸಾರಿಗೆ ಹೊಳೆಯದ್ದು, ವರದಿ ಓದಿದ ಮೂರು ಜನ ಅಧಿಕಾರಿಗಳಿಗೆ ಹೊಳೆಯದ್ದು. ತನಗಾದರೂ ಹೊಳೆದಿತ್ತೇ? ಆದಿಲಕ್ಷ್ಮಿ ಬಟ್ಟೆಯ ಮೇಲೆ ಮಂಡಿಯೂರಿ ಕೂತವಳು ಹಾಗೇ ಕೂತಿದ್ದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಒಬ್ಬ ಆಯಾ ಏನೋ ಅಂದಳು, ಹೆಡ್‌ಮಾಸ್ಟರು ಸುಮ್ನಿರು ಪಾಪಕ್ಕಾ ಎನ್ನುತ್ತಿದ್ದರು, ಸಹಿ ಸಿಗುತ್ತಿತ್ತು, ಆಗಸ್ಟು ಬರುತ್ತಿತ್ತು. ತನ್ನ ತಲೆ ಇನ್ನೊಂದು ಸಲ ಮೇಲಿಂದ ಕೆಳಕ್ಕೆ ಹೋಗಲು ತಯಾರಾಗುತ್ತಿರುವುದು ಅವಳ ಕತ್ತಿಗೆ ಗೊತ್ತಾಯಿತು. ಅದನ್ನು ಅಲ್ಲೇ ತಡೆದಳು. ಅವಳಿಗೆ ಭಯವಾಯಿತು, ನಿಜವಾಗಿ ಭಯವಾಯಿತು, ಆದರೆ ಆ ಭಯದ ಅಡಿಯಲ್ಲಿ ಹಾವು ಹಿಡಿದ ದಿನದ ಹಳೆಯ ಧೈರ್ಯ ಕೈಗೆ ಸಿಕ್ಕಿತು.

"ಹೌದು ಪಾಪಕ್ಕಾ. ಹುಯ್ದೋಳು ಬೇರೆ," ಎಂದಳು. "ಪೋಲಮ್ಮ ಅದರ ಹತ್ರಕ್ಕೂ ಬರ್ಲಿಲ್ಲ. ಬರ್ಲಾ ಅಂತ ಕೇಳಿದ್ಲು, ನಾನೇ ಬೇಡ ಅಂದೆ. ನೀರು ಹುಯ್ದೋಳು ನಾನು."

ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು, "ಅಕ್ಕಾ, ನಿಮಗೆ ಗೊತ್ತಿರ್ಲಿಲ್ವಾ, ಅದು ಮೂಗು ಅಂತ?" ಎಂದು ಕೇಳಿದಳು. "ಗೊತ್ತಿತ್ತು. ಎಲ್ಲರಿಗೂ ಹೇಳ್ಕೊಟ್ಟೋಳೇ ನಾನು." "ಮತ್ತೆ?" ಮತ್ತೆ ಏನು ಎಂದು ಹೇಳುವುದು ಹೇಗೆ? ಆದಿಲಕ್ಷ್ಮಿ ಚೊಂಬಿಗೆ ಕೈ ಹಾಕಿ, ಬಟ್ಟೆಯ ಮೇಲೆ, ಮಗ್ಗದ ಮುಂದೆ ಚಿಮುಕಿಸುತ್ತಿದ್ದ ಹಾಗೆ ಬೆರಳು ಬಿಡಿಸಿ ನೀರು ಎರಚಿ ತೋರಿಸಿದಳು. "ನಾನು ನೇಕಾರರ ಮನೆಯೋಳು. ಒಣಗಿದ್ದು ಕಂಡ್ರೆ ಕೈ ತಾನಾಗೇ ಹೋಯ್ತದೆ. ಅವತ್ತೂ ಹೋಯ್ತು. ಅದು ತಪ್ಪು. ಆದ್ರೆ ಇನ್ನೊಬ್ರ ಮೇಲೆ ಹಾಕಿದ್ನಲ್ಲ, ಅದು ಕೈ ಮಾಡಿದ್ದಲ್ಲ." ಚೊಂಬು ಪಕ್ಕಕ್ಕಿಟ್ಟು ಭಾಷಣ ಮುಂದುವರಿಸಿದಳು. ಮುಗಿದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಹುಡುಗಿಯರು ಟೀಚರುಗಳ ಮುಖ ನೋಡಿದರು. ಬಿಡಿಬಿಡಿಯಾಗಿ ಒಂದಿಷ್ಟು ಬಂತು.

ಆಫೀಸು ರೂಮಿನಲ್ಲಿ ಅಶ್ವತ್ಥಪ್ಪನವರು ಫಾರಂ ಮುಂದೆ ಇಟ್ಟುಕೊಂಡು ಪೆನ್ನಿನ ಕ್ಯಾಪು ತೆಗೆದರು, ಮುಚ್ಚಿದರು. "ಕಾರ್ಯಕ್ರಮ ಚೆನ್ನಾಗಾಯ್ತು ಕಣಮ್ಮಾ. ಆ ಕೊನೇ ಮಾತು... ಹುಡುಗೀರ ಮುಂದೆ ಬೇಕಿತ್ತಾ? ನಿಮ್ಮ ಭವಿಷ್ಯದ್ದು ನೋಡ್ಕೋಬೇಕಲ್ಲ," ಎಂದರು. "ಬೇಕಿತ್ತು ಸಾರ್. ನೀವು ಬರೆಯೋದಿದ್ರೆ ಅದನ್ನೂ ಬರೀರಿ." ಅವರು ಉಪನ್ಯಾಸ ಯಶಸ್ವಿ ಎಂದಷ್ಟೇ ಬರೆದು ಸಹಿ ಹಾಕಿದರು. ಹೊರಗೆ ಪಾಪಕ್ಕ ಒದ್ದೆಯಾದ ಡಾಲ್ಫಿನ್ನನ್ನು ಬೇವಿನ ಮರದ ನೆರಳಿನ ತಂತಿಗೆ ಹಾಕಿ, ಮೂತಿ ನೆಲಕ್ಕೆ ತಾಗದ ಹಾಗೆ ಮೇಲಕ್ಕೆ ಎಳೆಯುತ್ತಿದ್ದಳು. "ನಾನು ಸುಮ್ಕೆ ಕೇಳ್ದೆ ಕಣವ್ವಾ, ನಿನ್ನ ಸಿಗಾಕ್ಸಕ್ಕಲ್ಲ. ಕೋಪ ಮಾಡ್ಕಂಡ್ಯಾ?" "ಇಲ್ಲ ಪಾಪಕ್ಕಾ. ನೀನು ಎರಡು ತಿಂಗಳು ಮುಂಚೆ ಸಿಗಬೇಕಾಗಿತ್ತು." ಪಾಪಕ್ಕ ಒಳಗಿನ ಮಡಕೆಯಿಂದ ನೀರು ತಂದು ಕೊಟ್ಟಳು. ಆದಿಲಕ್ಷ್ಮಿ ಕತ್ತೆತ್ತಿ ಗಟಗಟ ಕುಡಿದಳು. ಇಷ್ಟು ಬಾಯಾರಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಅಂಚೆ ಕಚೇರಿ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇತ್ತು. ಹಳೆಯ ಇನ್‌ಲ್ಯಾಂಡನ್ನು ನಾಲ್ಕಾಗಿ ಹರಿದು, ಹೊಸದೊಂದನ್ನು ಕೊಂಡು, ದಾರ ಕಟ್ಟಿದ ಪೆನ್ನಿರುವ ಇಳಿಜಾರು ಮೇಜಿನ ಮುಂದೆ ನಿಂತಳು. ಆಗಸ್ಟಿನ ಕೆಲಸ ಇನ್ನು ಬರಲಿಕ್ಕಿಲ್ಲ. ಹತ್ತು ಮಂದಿಗೂ ಗೊತ್ತಾಗುತ್ತದೆ. ಇವತ್ತು ಸಂಜೆ ಅಪ್ಪನಿಗೂ ಹೇಳಬೇಕು, ಅವನು ಲಾಳಿ ಕೆಳಗಿಟ್ಟ ಮೇಲೆ. ಇದನ್ನೆಲ್ಲ ಲೆಕ್ಕ ಹಾಕಿಯೇ ಬರೆಯತೊಡಗಿದಳು. ನಾಲ್ಕು ಪುಟದ ಸುಳ್ಳಿಗೆ ಎಂಟು ಸಾಲು ಸಾಕಾಯಿತು:

"ಸಾರ್, ತಿದ್ದುವುದು ಇದೆ. ಪೋಲಮ್ಮ ನೀರು ಸುರಿಯಲಿಲ್ಲ. ಹತ್ತಿರ ಬರಲೇ ಎಂದು ಕೇಳಿದಳು, ನಾನು ಬೇಡ ಎಂದೆ. ಅವಳು ಚೊಂಬು ಕೆಳಗಿಟ್ಟು ಕೈ ಮುಗಿದು ದೂರ ನಿಂತಳು. ಸುರಿದದ್ದು ನಾನು. ಕೈಪಿಡಿಯಲ್ಲಿ ಹೆಸರು ಹಾಕುವುದಾದರೆ ನನ್ನದನ್ನು ಹಾಕಿ, ಊರು ಹಿಂದೂಪುರ. ಪೋಲಮ್ಮನ ತೋಳಿನ ಪಟ್ಟಿಯನ್ನು ಅವಳಿಗೆ ವಾಪಸು ಕೊಡಿ. ಮುಂದಿನ ಸಲ ನೆತ್ತಿಯ ಬಳಿ ಕೂರಿಸಬೇಕಾದವಳು ಅವಳೇ."

ಅಂಟಿಸಿದಳು. ಹೊರಗೆ ಬಂದು, ಕೆಂಪು ಡಬ್ಬದ ಬಾಯೊಳಗೆ ಮುಂಗೈವರೆಗೂ ಕೈ ತೂರಿಸಿ, ಬಿಟ್ಟಳು.